ಕಚೇರಿಯ ಗಣಕಜಾಲ: ದೋಷ ಪತ್ತೆ ಮತ್ತು ಮರುಜೋಡಣೆ
(ಸದಸ್ಯರ ತರಬೇತಿಯಲ್ಲಿ ಪಂಚಾಯಿತಿ ಅಭಿವೃದ್ಧಿ ಅಧಿಕಾರಿಯೊಬ್ಬರು ಮಾಡಿದ ಭಾಷಣದ ಪಠ್ಯ)



ಇ-ಸ್ವತ್ತು ನಮೂನೆ-9ಕ್ಕಾಗಿ ವೃದ್ಧೆಯೊಬ್ಬರು ನಮ್ಮ ಕಚೇರಿಗೆ ಮೂರು ಬಾರಿ ಬಂದು ಬರಿಗೈಯಲ್ಲಿ ಹಿಂದಿರುಗಿದರು. ಮೂರು ಬಾರಿಯೂ ನಾವು ನೀಡಿದ ಉತ್ತರ ಒಂದೇ: "ನೆಟ್ ಇಲ್ಲ." ಅವರು ಕಳೆದುಕೊಂಡದ್ದು ಮೂರು ದಿನದ ಕೂಲಿ. ಆ ಉತ್ತರ ತಪ್ಪಾಗಿತ್ತೆಂಬುದು ನನಗೆ ತಡವಾಗಿ ತಿಳಿಯಿತು.

ನಾಲ್ಕು ಗಣಕಯಂತ್ರಗಳ ಪೈಕಿ ಎರಡು ಆಗಾಗ ಸಂಪರ್ಕ ಕಳೆದುಕೊಳ್ಳುತ್ತಿದ್ದವು. ನಾನು ಹೊರಗಿನ ಸಂಪರ್ಕವನ್ನೇ ದೂರಿದೆ. ಹೊಸ ಗಣಕಯಂತ್ರಗಳ ಖರೀದಿಯ ಪ್ರಸ್ತಾವವನ್ನೂ ಸಭೆಗೆ ಮಂಡಿಸಿದೆ. ಆಗ ಸದಸ್ಯೆಯೊಬ್ಬರು, "ಸಾರ್, ಕೆಟ್ಟಿರುವುದು ನಲ್ಲಿಯೋ, ಪೈಪೋ?" ಎಂದು ಕೇಳಿದರು. ಇಂಜಿನಿಯರಿಂಗ್ ಓದಿದ ನಾನು ಮೊದಲೇ ಕೇಳಿಕೊಳ್ಳಬೇಕಾಗಿದ್ದ ಪ್ರಶ್ನೆ ಅದು.

ನಲ್ಲಿಗೆ ನೀರು ಬಾರದಿದ್ದರೆ ನೀರುಗಂಟಿ ಮೊದಲು ಟ್ಯಾಂಕ್ ನೋಡುತ್ತಾನೆ, ಅನಂತರ ವಾಲ್ವ್, ಅನಂತರ ಪೈಪು. ನಾವೂ ಅದೇ ಕ್ರಮವನ್ನು ಅನುಸರಿಸಿದೆವು. ಒಂದು ಗಣಕಯಂತ್ರವನ್ನು ಫೈಬರ್ ಪೆಟ್ಟಿಗೆಗೆ ನೇರವಾಗಿ ಜೋಡಿಸಿದಾಗ ಸಂಪರ್ಕ ಸರಾಗವಾಗಿತ್ತು. ಅಂದರೆ ದೋಷ ನಮ್ಮ ಗೋಡೆಗಳ ಒಳಗೇ ಇತ್ತು. ಬಳಿಕ ಪ್ರತಿ ಯಂತ್ರದ ಐಪಿ ವಿಳಾಸ ಪರಿಶೀಲಿಸಿದೆವು. ಸರಿಯಿದ್ದವುಗಳ ವಿಳಾಸ 192.168.1 ಎಂದೂ ಕೈಕೊಟ್ಟವುಗಳದು 192.168.0 ಎಂದೂ ಆರಂಭವಾಗುತ್ತಿತ್ತು. ವಿಳಾಸ ಹಂಚುವವರು ಇಬ್ಬರಿದ್ದರು! ಸಭಾಂಗಣದ ವೈಫೈಗಾಗಿ ಯಾರೋ ಜೋಡಿಸಿದ್ದ ಹಳೆಯ ರೂಟರ್ ಕೂಡ ವಿಳಾಸ ನೀಡುತ್ತಿತ್ತು. ಯಾವುದು ಮೊದಲು ಉತ್ತರಿಸುವುದೋ ಅದರ ಮಾತನ್ನೇ ಯಂತ್ರ ಕೇಳುತ್ತಿತ್ತು. ಹಳೆಯ ರೂಟರಿನ ಮಾತು ಕೇಳಿದ ಯಂತ್ರಕ್ಕೆ ಹೊರದಾರಿಯೇ ಇರಲಿಲ್ಲ.

ಆ ರೂಟರಿನ ವಿಳಾಸ ಹಂಚುವ ವ್ಯವಸ್ಥೆಯನ್ನು ನಿಲ್ಲಿಸಿ, ಅದನ್ನು ವೈಫೈಗೆ ಮಾತ್ರ ಉಳಿಸಿಕೊಂಡೆವು. ಇಲಿ ಕಡಿದ, ಕೈಯಿಂದ ಹೆಣೆದು ಜೋಡಿಸಿದ್ದ ಕೇಬಲ್‌ಗಳನ್ನು ತೆಗೆದು, ಹೊಸ ಕೇಬಲ್‌ಗಳನ್ನು ವಿದ್ಯುತ್ ತಂತಿಯಿಂದ ದೂರವಿರಿಸಿ ಎಳೆಸಿದೆವು. ಎರಡೂ ತುದಿಗಳಿಗೆ ಸಂಖ್ಯೆಯ ಚೀಟಿ ಅಂಟಿಸಿದೆವು. ಮುದ್ರಕಕ್ಕೆ ಬದಲಾಗದ ವಿಳಾಸ ನೀಡಿದೆವು. ರೂಟರ್ ಮತ್ತು ಸ್ವಿಚ್‌ಗಳನ್ನೂ ಯುಪಿಎಸ್‌ಗೆ ಸೇರಿಸಿದೆವು. ಖರೀದಿಯ ಪ್ರಸ್ತಾವವನ್ನು ಹಿಂಪಡೆದೆ.

ಸದಸ್ಯರಲ್ಲಿ ನನ್ನ ವಿನಂತಿ ಇಷ್ಟೇ. ಗಣಕಯಂತ್ರ ಖರೀದಿಗೆ ಒಪ್ಪಿಗೆ ನೀಡುವ ಮುನ್ನ ಮೂರು ಪ್ರಶ್ನೆ ಕೇಳಿರಿ: ದೋಷ ಎಲ್ಲಿದೆಯೆಂದು ಹಂತಹಂತವಾಗಿ ಪರೀಕ್ಷಿಸಲಾಗಿದೆಯೇ? ಜಾಲದ ನಕ್ಷೆ ಗೋಡೆಯ ಮೇಲಿದೆಯೇ? ರೂಟರಿನ ಗುಪ್ತಪದ ಮೊಹರು ಮಾಡಿದ ಲಕೋಟೆಯಲ್ಲಿ ಬೀರುವಿನಲ್ಲಿದೆಯೇ? ಅಧಿಕಾರಿ ಮತ್ತು ಗಣಕಯಂತ್ರ ನಿರ್ವಾಹಕರು ವರ್ಗವಾಗಬಹುದು. ಕಚೇರಿ ಇಲ್ಲಿಯೇ ಇರುತ್ತದೆ.

ಆ ವೃದ್ಧೆಗೆ ನಮೂನೆ-9 ದೊರೆಯಿತು. ಅವರ ಮೂರು ದಿನದ ಕೂಲಿಯನ್ನು ಮಾತ್ರ ನಾವು ಹಿಂದಿರುಗಿಸಲಾರೆವು. ಮತ್ತೊಬ್ಬರು ಹಾಗೆ ಹಿಂದಿರುಗದಂತೆ ನೋಡಿಕೊಳ್ಳುವುದು ನಮ್ಮೆಲ್ಲರ ಹೊಣೆ.