ಮೊದಲ ಚೀಟಿ

ಹತ್ತಾರು ಜನ ತಿಂಗಳಿಗೊಮ್ಮೆ ಸಮನಾಗಿ ಹಣ ಹಾಕಿ, ಕೂಡಿದ ಮೊತ್ತವನ್ನು ಒಬ್ಬೊಬ್ಬರಾಗಿ ಎತ್ತಿಕೊಳ್ಳುವ ಏರ್ಪಾಡಿಗೆ ಚೀಟಿ ಎನ್ನುತ್ತಾರೆ. ತುರ್ತಿದ್ದವನು ಹರಾಜಿನಲ್ಲಿ ಹೆಚ್ಚು ಕಳೆದುಕೊಂಡು ಮೊದಲು ಹಣ ಪಡೆಯುವುದು ಇದರ ರೂಢಿ. ಆದರೆ ಗೆಳೆಯನೊಬ್ಬ ಮೈಸೂರಿನ ಕಾವಾ ಕಲಾಶಾಲೆಗೋ ಬೆಂಗಳೂರಿನ ಚಿತ್ರಕಲಾ ಪರಿಷತ್ತಿಗೋ ಚಿತ್ರ ಕಲಿಯಲು ಹೊರಟಾಗ, ಉಳಿದವರು ಹರಾಜು ಕೂಗದೆ ಮೊದಲ ಚೀಟಿಯನ್ನು ಅವನಿಗೇ ಬಿಟ್ಟು, ಅವನ ಮುಂದಿನ ಕಂತುಗಳನ್ನೂ ತಾವೇ ಹಂಚಿಕೊಂಡರೆ, ಸಾಲದ ಲೆಕ್ಕವೇ ನೆರವಾಗಿ ಮಾರ್ಪಡುತ್ತದೆ.

ಚಿತ್ರ ಕಲಿಯಲು ಹೊರಟವರಿಗೆ ಇಂಥ ನೆರವು ಅರಮನೆಯಿಂದಲೂ ಬಂದದ್ದುಂಟು. ಮೈಸೂರಿನ ಅರಸ ನಾಲ್ವಡಿ ಕೃಷ್ಣರಾಜ ಒಡೆಯರ್ ಅವರ ನೆರವಿನಿಂದ ಚಿತ್ರಕಲಾವಿದ ಕೆ. ವೆಂಕಟಪ್ಪನವರು 1909ರಲ್ಲಿ ಕಲ್ಕತ್ತೆಗೆ ಹೋಗಿ ಅವನೀಂದ್ರನಾಥ ಠಾಕೂರರ ಶಿಷ್ಯರಾದರು. ಮುಂದೆ ವೀಣೆ ಶೇಷಣ್ಣನವರಲ್ಲಿ ವೀಣೆಯನ್ನೂ ಕಲಿತ ಅವರ ಬದುಕು, ಕೊಟ್ಟ ಹಣ ಯಾವ ಫಲ ಕೊಡುವುದೆಂದು ಮೊದಲೇ ಅಳೆಯಲಾಗದೆಂಬುದಕ್ಕೆ ಸಾಕ್ಷಿ.

ಅರಮನೆಯ ಕಣ್ಣಿಗೆ ಬೀಳುವ ಭಾಗ್ಯ ಅಪರೂಪ, ಗೆಳೆಯರು ಅಷ್ಟು ಅಪರೂಪವಲ್ಲ. ಅವರು ಗಮನಿಸಬೇಕಾದದ್ದು ಒಂದೇ: ಶುಲ್ಕ ವರ್ಷಕ್ಕೊಮ್ಮೆ ಕಟ್ಟಿದರೆ ಮುಗಿಯುತ್ತದೆ, ಬಣ್ಣ, ಕುಂಚ, ಕಾಗದ, ಕೋಣೆಯ ಬಾಡಿಗೆಗಳು ಮುಗಿಯುವುದಿಲ್ಲ, ಆದ್ದರಿಂದ ಬೀಳ್ಕೊಡುಗೆಯ ದಿನ ಕೂಡಿಸಿದ ದೊಡ್ಡ ಗಂಟಿಗಿಂತ, ಎರಡನೆಯ ವರ್ಷದಲ್ಲಿಯೂ ತಪ್ಪದೆ ತಲುಪುವ ಸಣ್ಣ ಮೊತ್ತವೇ ವಿದ್ಯಾರ್ಥಿಯನ್ನು ತರಗತಿಯಲ್ಲಿ ಉಳಿಸುತ್ತದೆ.