ಲಿಂಟಲ್‌ಗೆ ನಿಂತ ಮನೆ

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಅಂತಾರೆ. ಮದುವೆ ವಿಷಯ ಬಿಡಿ, ಇವತ್ತು ಮನೆಯ ಬಗ್ಗೆ ಮಾತಾಡ್ತೀನಿ.

ಹೋದ ತಿಂಗಳು ಊರಿಗೆ ಹೋಗಿದ್ದಾಗ ಕೂಲಿ ಮಾಡೋ ಒಬ್ಬ ತಾಯಿ ತಮ್ಮ ಮನೆ ತೋರಿಸ್ತೀನಿ ಅಂತ ಕರ್ಕೊಂಡು ಹೋದರು. ಲಿಂಟಲ್‌ವರೆಗೆ ಎದ್ದ ಗೋಡೆ, ಮೇಲೆ ತುಕ್ಕು ಹಿಡಿದ ಕಂಬಿ. ಪಕ್ಕದಲ್ಲಿ ಟಾರ್ಪಾಲಿನಡಿ ಸಂಸಾರ. ಸರ್ಕಾರದ ಮನೆ ಮಂಜೂರಾಯ್ತು ಅಂತ ಇದ್ದ ಹಂಚಿನ ಮನೆ ಕೆಡವಿದ್ದಾರೆ. ಇರೋದೇ ಅದೊಂದು ಜಾಗ, ಇನ್ನೆಲ್ಲಿ ಕಟ್ಟಬೇಕು? ತಳಪಾಯಕ್ಕೆ ಸಂಘದ ಸಾಲ, ಗೋಡೆಗೆ ಕೈಸಾಲ. "ಹಳೇ ಮನೇನೇ ಇದ್ದಿದ್ರೆ ಚೆನ್ನಾಗಿತ್ತೇನೋ ಸಾರ್" ಅಂದರು.

ಲೆಕ್ಕ ನೋಡಿ. ಪ್ರಧಾನಮಂತ್ರಿ ಆವಾಸ್ ಗ್ರಾಮೀಣ ಯೋಜನೆ 2016ರಲ್ಲಿ ಶುರುವಾದಾಗ ಬಯಲು ಪ್ರದೇಶದ ಒಂದು ಮನೆಗೆ 1.20 ಲಕ್ಷ ರೂಪಾಯಿ. 2024ರಲ್ಲಿ ಇನ್ನೂ 2 ಕೋಟಿ ಮನೆ ಅಂತ ಮುಂದುವರಿಸಿದಾಗಲೂ ಅದೇ 1.20 ಲಕ್ಷ. ಉದ್ಯೋಗ ಖಾತ್ರಿ ಕೂಲಿ, ಶೌಚಾಲಯದ 12 ಸಾವಿರ ಬೇರೆ ಇದೆ, ಇಲ್ಲ ಅನ್ನೋಲ್ಲ. ಆದರೆ ಮನೆ ಕನಿಷ್ಠ 25 ಚದರ ಮೀಟರ್ ಇರಬೇಕು. ಅಂದರೆ ಸುಮಾರು 270 ಚದರಡಿ. ನಮ್ಮ ಮೇಸ್ತ್ರಿಗಳ ಲೆಕ್ಕದಲ್ಲಿ ಚದರಕ್ಕೆ 45 ಸಾವಿರವೂ ಬೀಳೋಲ್ಲ. ಯಾರು ಕಟ್ಟಿಕೊಡ್ತಾರೆ ಹೇಳಿ? ಸಾಲದ್ದಕ್ಕೆ ಸಿಮೆಂಟಿನ ಮೇಲೆ 2017ರಿಂದ 2025ರ ಸೆಪ್ಟೆಂಬರ್‌ವರೆಗೆ ಶೇ 28 ಜಿಎಸ್‌ಟಿ. ಈಗ ಶೇ 18. ಬಲಗೈಲಿ ಕೊಟ್ಟು ಎಡಗೈಲಿ ವಾಪಸ್ ತಗೊಂಡ ಹಾಗೆ.

ಹಣವೂ ಒಟ್ಟಿಗೆ ಬರೋಲ್ಲ. ಗೋಡೆ ಎದ್ದ ಹಾಗೆ ಕಂತು. ಫೋಟೊ ತೆಗೆದು ಅಪ್‌ಲೋಡ್ ಆಗಬೇಕು. ದುಡ್ಡು ಬಂದ್ರೆ ಗೋಡೆ, ಗೋಡೆ ಎದ್ರೆ ದುಡ್ಡು! ನಡುವೆ ಬಡ್ಡಿ ಸಾಲ. ಫೋಟೊನೇ ಬೇಡ ಅಂತ ನಾನು ಹೇಳ್ತಿಲ್ಲ. ಕಾಗದದ ಮೇಲೇ ಮನೆ ಕಟ್ಟಿ ಬಿಲ್ ಎತ್ತಿದ ಸುದ್ದಿಗಳನ್ನ ಇದೇ ಕುರ್ಚಿಯಲ್ಲಿ ಕೂತು ಓದಿದ್ದೀನಿ.

ಬಿಟ್ಟಿ ಯಾಕೆ ಕೊಡ್ಬೇಕು ಅಂತ ಕೆಲವರು ನನಗೆ ಮೆಸೇಜ್ ಹಾಕ್ತಾರೆ. ಸ್ವಾಮಿ, ನನ್ನ ಕಥೆ ಕೇಳಿ. ಸಾಲ ಮಾಡಿ ಬೆಂಗಳೂರಲ್ಲಿ ಫ್ಲ್ಯಾಟ್ ತಗೊಂಡೆ. ಹಳೇ ತೆರಿಗೆ ಪದ್ಧತಿಯಲ್ಲಿ ಗೃಹಸಾಲದ ಬಡ್ಡಿಗೆ ವರ್ಷಕ್ಕೆ 2 ಲಕ್ಷದವರೆಗೆ ವಿನಾಯಿತಿ. ಶೇ 30ರ ಸ್ಲ್ಯಾಬ್‌ನಲ್ಲಿರೋ ನನಗೆ ವರ್ಷಕ್ಕೆ 60 ಸಾವಿರ ಉಳಿತು. ಎರಡೇ ವರ್ಷಕ್ಕೆ 1.20 ಲಕ್ಷ. ಆ ತಾಯಿಯ ಇಡೀ ಮನೆ! ನನ್ನ ಲಿಂಟಲ್ಲಿನ ಫೋಟೊ ಯಾರೂ ಕೇಳಲಿಲ್ಲ. ಅದಕ್ಕೆ ಸಬ್ಸಿಡಿ ಅಂತ ಹೆಸರೂ ಇಡಲಿಲ್ಲ, ತೆರಿಗೆ ಉಳಿತಾಯ ಅಂದರು.

ಹಾಗಾಗಿ ಕೇಳೋದಿಷ್ಟು. ಹಳೇ ಮನೆ ಕೆಡವೋ ಮುಂಚೆ ಮೊದಲ ಕಂತು ಕೈ ಸೇರಲಿ. ಸಿಮೆಂಟು, ಕಬ್ಬಿಣದ ದರ ನೋಡಿ ವರ್ಷಕ್ಕೊಮ್ಮೆ ಮೊತ್ತ ಪರಿಷ್ಕರಿಸಿ. ಕೇಂದ್ರ ನೌಕರರ ತುಟ್ಟಿಭತ್ಯೆಯನ್ನ ವರ್ಷಕ್ಕೆರಡು ಸಲ ಲೆಕ್ಕ ಹಾಕೋರಿಗೆ ಇದೇನು ಕಷ್ಟವಾ? ಊರಲ್ಲಿ ಮುಂಗಾರು ಹಿಡ್ಕೊಂಡಿದೆ, ಆ ತಾಯಿ ಇನ್ನೂ ಟಾರ್ಪಾಲಿನಡಿಯೇ ಇದ್ದಾರೆ.