ನಾಕುಬೆಟ್ಟ: ಬೆಟ್ಟದ ಹೆಸರು, ಸರ್ಕಾರದ ಗೆರೆ



ಕರ್ನಾಟಕದ ಅತಿ ಎತ್ತರದ ಬೆಟ್ಟ ಯಾವುದು ಎಂದರೆ ಇಲ್ಲಿ ಕೂತಿರುವ ಮಕ್ಕಳೂ ಮುಳ್ಳಯ್ಯನಗಿರಿ ಎಂದು ಹೇಳಿಬಿಡುತ್ತಾರೆ. ಸುಮಾರು 1930 ಮೀಟರ್. ಅದಕ್ಕಿಂತ 700 ಮೀಟರಿನಷ್ಟು ಎತ್ತರವಾದ, ಹೆಸರು ಕೇಳಿದರೆ ಯಾವ ಕನ್ನಡಿಗನೂ ಅರ್ಥ ಕೇಳಬೇಕಿಲ್ಲದ ಬೆಟ್ಟವೊಂದು ನಮ್ಮ ರಾಜ್ಯದ ಗಡಿಯಾಚೆ ನಿಂತಿದೆ. ಅದು ದೊಡ್ಡಬೆಟ್ಟ, 2637 ಮೀಟರ್. ಗುಂಡ್ಲುಪೇಟೆ, ಬಂಡೀಪುರ ದಾಟಿ ಊಟಿಗೆ ಹೋದ ಕನ್ನಡದ ಮನೆಮಂದಿಯೆಲ್ಲ ಅದರ ತುದಿಯಲ್ಲಿ ಫೋಟೊ ತೆಗೆಸಿಕೊಂಡಿದ್ದಾರೆ. ತಮಿಳುನಾಡಿನ ಅತ್ಯುನ್ನತ ಶಿಖರಕ್ಕೆ ಈ ಹೆಸರಿಟ್ಟವರು ಯಾರು ಎಂದು ಕೇಳಿದವರು ಕಡಿಮೆ. ಇವತ್ತು ನಾನು ಮಾತಾಡುವುದು ಅವರ ಬಗ್ಗೆ, ನೀಲಗಿರಿಯ ಬಡಗರ ಬಗ್ಗೆ. ಅವರು ಹೆಸರಿಟ್ಟ ಬೆಟ್ಟಗಳ ಬಗ್ಗೆ. ಆ ಬೆಟ್ಟಗಳ ಮೇಲೆ ಒಂದಾದ ಮೇಲೊಂದು ಸರ್ಕಾರ ಎಳೆದ ಗೆರೆಗಳ ಬಗ್ಗೆ.

ಬಡಗರು ತಮ್ಮ ನಾಡನ್ನು ನೀಲಗಿರಿ ಎನ್ನುವುದಕ್ಕಿಂತ ನಾಕುಬೆಟ್ಟ ಎಂದು ಕರೆಯುತ್ತಾರೆ. ಅದರೊಳಗೆ ನಾಲ್ಕು ಸೀಮೆ: ತೊದನಾಡು, ಪೊರಂಗಾಡು, ಮೇಕುನಾಡು, ಕುಂದೆನಾಡು. ಸ್ಥೂಲವಾಗಿ ಹೇಳುವುದಾದರೆ ಊಟಿಯ ಸುತ್ತಲಿನದು ತೊದನಾಡು, ಕೋತಗಿರಿಯ ಕಡೆಯದು ಪೊರಂಗಾಡು, ಕೂನೂರಿನ ಕಡೆಯದು ಮೇಕುನಾಡು, ಪಶ್ಚಿಮದ ಕುಂದಾ ಬೆಟ್ಟಸಾಲಿನದು ಕುಂದೆನಾಡು. ನಾನೂರರ ಆಸುಪಾಸಿನ ಹಟ್ಟಿಗಳು ಈ ನಾಲ್ಕರಲ್ಲಿ ಹಂಚಿಕೊಂಡಿವೆ. ಹಟ್ಟಿ ಎಂದರೆ ಬೆಟ್ಟದ ಇಳಿಜಾರಿನಲ್ಲಿ ಗೋಡೆಗೆ ಗೋಡೆ ತಾಗಿಸಿ ಸಾಲಾಗಿ ಕಟ್ಟಿದ ಮನೆಗಳು, ಅವುಗಳ ಮುಂದೆ ಉದ್ದಕ್ಕೂ ಚಾಚಿದ ಒಂದೇ ಅಂಗಳ. ಅಂಗಳದಲ್ಲಿ ನಿಂತರೆ ಎಲ್ಲ ಮನೆಯ ಬಾಗಿಲೂ ಕಾಣುತ್ತದೆ, ಎದುರಿಗೆ ಯಾವ ಬೆಟ್ಟ ಇದೆಯೋ ಅದೂ ಕಾಣುತ್ತದೆ. ಹಟ್ಟಿಗೊಬ್ಬ ಗೌಡ, ಸೀಮೆಗೊಬ್ಬ ಗೌಡ, ನಾಲ್ಕೂ ಸೀಮೆಗೆ ಹಿರಿಯನಾಗಿ ತೂನೇರಿಯ ಗೌಡ. ಜಗಳ, ಮದುವೆ, ಹಬ್ಬ, ಸಾವು ಎಲ್ಲವೂ ಈ ಕ್ರಮದಲ್ಲೇ ಕೂಟದ ಮುಂದೆ ಬರುತ್ತಿದ್ದವು. ಹಬ್ಬದ ವಿಷಯದಲ್ಲಿ ಈಗಲೂ ಹೀಗೇ. ಡಿಸೆಂಬರ್ ಕೊನೆಗೋ ಜನವರಿಗೋ ಬರುವ ಹೆತ್ತೆ ಹಬ್ಬಕ್ಕೆ ಕೋತಗಿರಿ ಬಳಿಯ ಬೇರಗಣಿಗೆ ಬಿಳಿ ಬಟ್ಟೆ, ಬಿಳಿ ಪೇಟ ತೊಟ್ಟ ಜನ ಹಟ್ಟಿಹಟ್ಟಿಯಿಂದ ನಡೆದು ಬರುತ್ತಾರೆ. ಅಲ್ಲಿ ಯಾರೂ ನೀವು ಯಾವ ತಾಲ್ಲೂಕಿನವರು ಎಂದು ಕೇಳುವುದಿಲ್ಲ.

ನಾಲ್ಕು ಭಾಗ ಸೇರಿ ಒಂದು ನಾಡು ಎಂಬ ಮಾತು ಕೇಳಿದಾಗಲೆಲ್ಲ ನನಗೆ ಪೆರುವಿನ ಆಂಡಿಸ್ ಪರ್ವತಗಳು ನೆನಪಾಗುತ್ತವೆ. ಇಂಕಾಗಳು ಕೆಚುವಾ ಭಾಷೆಯಲ್ಲಿ ತಮ್ಮ ರಾಜ್ಯವನ್ನು ತವಾಂತಿನ್‌ಸುಯು ಎಂದು ಕರೆದರು. ಅಲ್ಲಿಯೂ ನಾಲ್ಕು ಸುಯುಗಳು: ಚಿಂಚಾಯ್‌ಸುಯು, ಆಂತಿಸುಯು, ಕೊಲ್ಲಾಸುಯು, ಕುಂತಿಸುಯು. ನಾಲ್ಕೂ ಕೂಡುವ ಜಾಗ ಕುಸ್ಕೊ. 1570ರ ದಶಕದಲ್ಲಿ ಸ್ಪೇನಿನ ವೈಸರಾಯ್ ತೊಲೆದೊ ಚದುರಿದ್ದ ಹಳ್ಳಿಗಳನ್ನು ಎತ್ತಿ ಹೊಸ ಊರುಗಳಲ್ಲಿ ಒಟ್ಟುಗೂಡಿಸಿದ. ಕಂದಾಯ ಎತ್ತಲು, ಗಣಿಗೆ ಆಳು ಹಿಡಿಯಲು ಅದು ಸಲೀಸಾಗಿತ್ತು. ಸ್ವಾತಂತ್ರ್ಯ ಬಂದ ಮೇಲೆ ವಿಭಾಗ, ಪ್ರಾಂತ, ಜಿಲ್ಲೆ ಎಂಬ ಹೊಸ ಮೆಟ್ಟಿಲುಗಳು ಬಂದವು. ಸುಯುಗಳು ನಕ್ಷೆಯಿಂದ ಅಳಿಸಿಹೋದವು. ಬೆಟ್ಟಗಳ ಹೆಸರು ಮಾತ್ರ ಉಳಿದವು. ಅಲ್ಲಿಯ ರೈತ ಇಂದಿಗೂ ಬಿತ್ತುವ ಮುನ್ನ ಆಪು ಎಂದು ಬೆಟ್ಟದ ಒಡೆಯನನ್ನು ಕರೆಯುತ್ತಾನೆ. 6384 ಮೀಟರಿನ ಔಸಂಗಾತೆ ಅಂಥ ಒಬ್ಬ ಆಪು. ಯಾನಾ ಎಂದರೆ ಕಪ್ಪು, ಮಾಯು ಎಂದರೆ ಹೊಳೆ, ರೂಮಿ ಎಂದರೆ ಕಲ್ಲು. ಹೀಗೆ ಕಣ್ಣಿಗೆ ಕಂಡದ್ದನ್ನೇ ಕೂಡಿಸಿ ಕಟ್ಟಿದ ನೂರಾರು ಹೆಸರುಗಳು ಸ್ಪ್ಯಾನಿಷ್ ಕಾಗುಣಿತ ತೊಟ್ಟು ಪೆರುವಿನ ಜಿಲ್ಲಾ ಪಟ್ಟಿಯಲ್ಲಿ ಕೂತಿವೆ. 1975ರಲ್ಲಿ ಪೆರು ಕೆಚುವಾಕ್ಕೆ ಅಧಿಕೃತ ಭಾಷೆಯ ಸ್ಥಾನ ಕೊಟ್ಟಿತು.

ನೀಲಗಿರಿಯ ಕತೆಯೂ ಬಹುಪಾಲು ಇದೇ ದಾರಿಯಲ್ಲಿ ಸಾಗಿದೆ. 1117ರ ಚಾಮರಾಜನಗರದ ಶಾಸನದಲ್ಲಿ ಹೊಯ್ಸಳ ವಿಷ್ಣುವರ್ಧನನ ದಂಡನಾಯಕ ಪುಣಿಸ ಬೆಟ್ಟದ ಮೇಲಿನ ತೋಡ ಜನರನ್ನು ಬೆದರಿಸಿ ನೀಲಾದ್ರಿಯನ್ನು ಹಿಡಿದ ಮಾತಿದೆ. ಬೆಟ್ಟವನ್ನು ಕೆಳಗಿನಿಂದ ನೋಡಿದವರ ಹೆಸರು ಅದು, ದೂರದಿಂದ ಕಾಣುವ ನೀಲಿ. ಬಡಗರು ಮೇಲೆ ಬಂದದ್ದು ಮೈಸೂರು ಸೀಮೆಯಿಂದ. 1565ರಲ್ಲಿ ವಿಜಯನಗರ ಬಿದ್ದ ಮೇಲಿನ ಗಲಭೆಯ ಕಾಲದಲ್ಲಿ ಎಂಬುದು ಅವರಲ್ಲಿ ಅನೇಕರ ಐತಿಹ್ಯ. 1603ರಲ್ಲಿ ಕಲ್ಲಿಕೋಟೆಯ ಕಡೆಯಿಂದ ಬೆಟ್ಟ ಹತ್ತಿದ ಜೆಸ್ವಿಟ್ ಪಾದ್ರಿ ಫೆನಿಸಿಯೊ ಬಡಗರ ಹಳ್ಳಿಗಳನ್ನು ಕಂಡು ಬರೆದಿಟ್ಟಿದ್ದಾನೆ.

1799ರಲ್ಲಿ ಟಿಪ್ಪು ಸತ್ತ ಮೇಲೆ ಬೆಟ್ಟ ಕಂಪನಿಯ ಕೈಸೇರಿ ಕೊಯಮತ್ತೂರು ಜಿಲ್ಲೆಗೆ ಅಂಟಿಕೊಂಡಿತು. 1819ರಲ್ಲಿ ಕಲೆಕ್ಟರ್ ಜಾನ್ ಸಲ್ಲಿವನ್ ಹತ್ತಿ ಬಂದು ಕೋತಗಿರಿ ಬಳಿಯ ದಿಂಬಹಟ್ಟಿಯಲ್ಲಿ ಮನೆ ಕಟ್ಟಿದ. ಅಲ್ಲಿಂದ ಗೆರೆಗಳ ಆಟ ಶುರುವಾಯಿತು. 1830ರ ದಶಕದ ಆರಂಭದಲ್ಲಿ ಪಶ್ಚಿಮದ ಭಾಗವನ್ನು ಮಲಬಾರಿಗೆ ಕೊಟ್ಟರು. 1843ರಲ್ಲಿ ಕುಂದಾ ಬಿಟ್ಟು ಉಳಿದದ್ದನ್ನು ಹಿಂದಕ್ಕೆ ತಂದರು. 1860ರಲ್ಲಿ ಕುಂದಾವೂ ಹಿಂದಕ್ಕೆ ಬಂತು. 1868ರಲ್ಲಿ ಕೊಯಮತ್ತೂರಿನಿಂದ ಬಿಡಿಸಿ ಬ್ರೀಕ್ಸ್ ಎಂಬ ಕಮಿಷನರನನ್ನು ಕೂರಿಸಿದರು. 1870ರ ದಶಕದಲ್ಲಿ ವೈನಾಡಿನ ಒಂದು ತುಂಡನ್ನು ಸೇರಿಸಿದರು. 1882ರಲ್ಲಿ ಕಲೆಕ್ಟರ್ ಇರುವ ಪೂರ್ಣ ಜಿಲ್ಲೆ ಮಾಡಿದರು. ಕುಂದೆನಾಡಿನ ಒಬ್ಬ ಬಡಗ ತನ್ನ ಹೊಲ ಬಿಟ್ಟು ಕದಲದೆ ಒಂದೇ ಬಾಳಿನಲ್ಲಿ ಮೂರು ಜಿಲ್ಲೆಗಳ ಪ್ರಜೆಯಾಗಬಹುದಿತ್ತು. ಇಂದು ಜಿಲ್ಲೆಯಲ್ಲಿ ಆರು ತಾಲ್ಲೂಕು: ಉದಗಮಂಡಲ, ಕೂನೂರು, ಕೋತಗಿರಿ, ಕುಂದಾ, ಗೂಡಲೂರು, ಪಂದಲೂರು. ಮೊದಲ ನಾಲ್ಕರ ಹಿಂದೆ ಹಳೆಯ ನಾಲ್ಕು ಸೀಮೆಗಳ ನೆರಳಿದೆ. ಶುರುವಿನಲ್ಲಿ ಕಂಪನಿಯೂ ನಾಡುಗಳ ಲೆಕ್ಕದಲ್ಲೇ ಕಂದಾಯ ಎತ್ತುತ್ತಿತ್ತು. ಬೇರೆ ದಾರಿ ಅದಕ್ಕೂ ಇರಲಿಲ್ಲ.

ಜಿಲ್ಲೆಯ ಗೆರೆಯಷ್ಟೇ ಅಲ್ಲ, ಹೆಸರುಗಳ ಮೇಲೂ ಕೈಯಿಟ್ಟರು. ಜಗತಳದ ಬಯಲಿನಲ್ಲಿ ಎದ್ದ ದಂಡಿನ ಪಾಳೆಯ ವೆಲ್ಲಿಂಗ್ಟನ್ ಆಯಿತು. ದೊಡ್ಡ ಭೂಕುಸಿತವೊಂದರ ನೆನಪಿಗೆ ಕೋಲಾರಿಬೆಟ್ಟದ ಸಾಲಿಗೆ ಅವಲಾಂಚ್ ಎಂಬ ಹೆಸರು ಹತ್ತಿತು. ಗೂಡಲೂರಿನ ಕಡೆ ಕಾಫಿ ನೆಟ್ಟ ಆಕ್ಟರ್ಲೋನಿ ಎಂಬಾತನ ಹೆಸರು ಕುಗ್ಗಿ ಕುಗ್ಗಿ ಇಂದಿಗೂ ಓ ವ್ಯಾಲಿ ಎಂಬ ಪಟ್ಟಣ ಪಂಚಾಯಿತಿಯಾಗಿ ಉಳಿದಿದೆ. 1899ರಲ್ಲಿ ಕೂನೂರಿಗೂ 1908ರಲ್ಲಿ ಊಟಿಗೂ ಮುಟ್ಟಿದ ಪುಟ್ಟ ರೈಲಿನಲ್ಲಿ ಕೂತರೆ ಹಿಲ್‌ಗ್ರೋವ್, ರನ್ನಿಮೀಡ್, ಲವ್‌ಡೇಲ್ ಎಂಬ ನಿಲ್ದಾಣಗಳ ನಡುವೆ ಕೇತಿ ಎಂಬ ಒಂದು ಹಟ್ಟಿಯ ಹೆಸರು ಬಂದುಹೋಗುತ್ತದೆ. ಆ ರೈಲುಹಾದಿಯ ಕಾಮಗಾರಿಯಲ್ಲಿ ದುಡಿದ ಗುತ್ತಿಗೆದಾರರಲ್ಲಿ ಹುಬ್ಬತಲೆಯ ಬಡಗ ಬೆಳ್ಳಿಗೌಡರೂ ಇದ್ದರು ಎಂಬುದನ್ನು ಇಲ್ಲಿ ಹೇಳಲೇಬೇಕು.

ದೊಡ್ಡಬೆಟ್ಟದ ಪಕ್ಕದ ಒಂದು ಬೆಟ್ಟಕ್ಕೆ ಸ್ನೋಡನ್ ಎಂದು ಹೆಸರಿಟ್ಟರು. ವೇಲ್ಸ್ ದೇಶದ ಶಿಖರದ ಹೆಸರು ಅದು. ಆ ಮೂಲ ಸ್ನೋಡನ್ನನ್ನು ವೆಲ್ಶ್ ಭಾಷೆಯಲ್ಲಿ ಅರ್ ವಿದ್ವಾ ಎಂದೇ ಕರೆಯಬೇಕೆಂದು 2022ರಲ್ಲಿ ಅಲ್ಲಿಯ ರಾಷ್ಟ್ರೀಯ ಉದ್ಯಾನದ ಆಡಳಿತ ತೀರ್ಮಾನಿಸಿತು. ಊಟಿಯ ಸ್ನೋಡನ್ ಹಾಗೇ ಇದೆ. ನಾವಿರುವ ಈ ಅಮೆರಿಕದಲ್ಲಿ ಅಲಾಸ್ಕದ ಡೆನಾಲಿ ಶಿಖರದ ಗತಿ ನೀವೇ ನೋಡಿದ್ದೀರಿ: 2015ರಲ್ಲಿ ಕೇಂದ್ರ ಸರ್ಕಾರ ಆ ಹೆಸರು ಕೊಟ್ಟಿತು, 2025ರಲ್ಲಿ ಮತ್ತೆ ಮೆಕಿನ್ಲಿ ಎಂದಿತು. ಅಲಾಸ್ಕದ ಜನ ಡೆನಾಲಿ ಎನ್ನುವುದನ್ನು ಬಿಟ್ಟಿಲ್ಲ.

ನಾವು ಸೇರಿರುವ ಈ ಊರನ್ನೇ ತೆಗೆದುಕೊಳ್ಳಿ. ಚಪ್ಪಟೆಯಾದ ಇಲಿನಾಯ್‌ನಲ್ಲಿ ದೆಪ್ಲೇನ್ಸ್ ಹೊಳೆಯ ದಂಡೆ ಇಲ್ಲಿ ಏರಿ ನಿಂತದ್ದಕ್ಕೇ ಬೆಟ್ಟ ಎಂಬರ್ಥದ ಲೆಮಾಂಟ್ ಎಂಬ ಫ್ರೆಂಚ್ ಹೆಸರು ಒಗ್ಗಿತು. ನಮ್ಮ ದೇವಸ್ಥಾನಕ್ಕೆ ಸಿಕ್ಕಿದ್ದೂ ಆ ದಿಬ್ಬವೇ. ಲೆಮಾಂಟ್‌ಗೆ ಮೊದಲು ಇದು ಅಥೆನ್ಸ್. ಇಲ್ಲಿ ಅಗೆದ ಸುಣ್ಣದಕಲ್ಲನ್ನು ಅಥೆನ್ಸ್ ಮಾರ್ಬಲ್ ಎಂದೇ ಮಾರಿದರು. 1848ರಲ್ಲಿ ತೆರೆದ ಕಾಲುವೆಯಲ್ಲಿ ದೋಣಿಗಳು ಸಾಗಿಸಿದ ಈ ಬಯಲಿನ ಕಲ್ಲಿನಿಂದ ಶಿಕಾಗೊದ ಎಷ್ಟೋ ಕಟ್ಟಡಗಳು ಎದ್ದವು. ಶಿಕಾಗೊದ ವಾಟರ್ ಟವರ್ ಕೂಡ ಇದೇ ಕಲ್ಲಿನದು. ಅಥೆನ್ಸ್‌ಗೂ ಮೊದಲು ಈ ನೆಲಕ್ಕಿದ್ದ ಹೆಸರು ಕೀಪಟಾ, ಪೊಟವಟಾಮಿ ಮುಖಂಡನೊಬ್ಬನದು. ಇಂದು ಒಂದೇ ಊರು ಕುಕ್, ಡುಪೇಜ್, ವಿಲ್ ಎಂಬ ಮೂರು ಕೌಂಟಿಗಳಿಗೆ ಹಂಚಿಹೋಗಿದೆ. ಕೀಪಟಾ ಹೆಸರು ಉಳಿದದ್ದು ಹೊಳೆಯಂಚಿನ ಒಂದು ಕಾಯ್ದಿಟ್ಟ ಕಾಡಿನ ಫಲಕದಲ್ಲಿ.

ಡೆಟ್ರಾಯಿಟ್ ಕಡೆಯಿಂದ ಬಂದವರಿಗೆ ಇನ್ನೂ ಕಟುವಾದ ಒಂದು ನಿದರ್ಶನ ಹತ್ತಿರದಲ್ಲೇ ಇದೆ. ಮಿಶಿಗನ್ನಿನ ಒಂದು ಕೌಂಟಿಗೆ ನೆಗ್ವೆಗಾನ್ ಎಂಬ ಒಜಿಬ್ವೆ ನಾಯಕನ ಹೆಸರಿತ್ತು. 1843ರಲ್ಲಿ ಅದನ್ನು ತೆಗೆದು ಆಲ್ಕೋನಾ ಎಂದಿಟ್ಟರು. ಆಲ್ಕೋನಾ ಯಾವ ಜನರ ಮಾತೂ ಅಲ್ಲ. ಹೆನ್ರಿ ಸ್ಕೂಲ್‌ಕ್ರಾಫ್ಟ್ ಎಂಬ ಅಧಿಕಾರಿ ಅಲ್ಲಿಯ ಜನರ ಭಾಷೆಯ ಹಾಗೆ ಕೇಳಿಸಲಿ ಎಂದು ಬೇರೆಬೇರೆ ಭಾಷೆಯ ಚೂರುಗಳನ್ನು ಜೋಡಿಸಿ ಕಟ್ಟಿದ ಹೆಸರು. ಆಲ್ಪೀನಾ, ಐಯೋಸ್ಕೊ ಕೂಡ ಅವನ ಕೈಯವೇ. ನಿಜವಾಗಿ ಬಾಳಿದವನ ಹೆಸರು ತೆಗೆದು, ಅವನ ಜನರದ್ದೆಂದು ತೋರುವ ಸುಳ್ಳು ಹೆಸರನ್ನು ಅದೇ ಜಾಗದಲ್ಲಿ ಕೂರಿಸಿದ ಈ ಕೆಲಸ ನನಗೆ ವೆಲ್ಲಿಂಗ್ಟನ್‌ಗಿಂತ ಹೆಚ್ಚು ನೋವು ಕೊಡುತ್ತದೆ. ವೆಲ್ಲಿಂಗ್ಟನ್ ಪರರದ್ದು ಎಂದು ಕೇಳಿದ ಕೂಡಲೇ ಗೊತ್ತಾಗುತ್ತದೆ. ಆಲ್ಕೋನಾ ಗೊತ್ತಾಗುವುದಿಲ್ಲ.

ಇಂಗ್ಲಿಷರನ್ನು ಮಾತ್ರ ದೂರಿ ಮುಗಿಸಿದರೆ ಅನ್ಯಾಯವಾದೀತು. ತಮಿಳು ಬರವಣಿಗೆಯಲ್ಲಿ ಹಕಾರಕ್ಕೆ ತನ್ನದೇ ಅಕ್ಷರವಿಲ್ಲ. ಹೀಗಾಗಿ ಹಟ್ಟಿ ಅಟ್ಟಿಯಾಗಿ ಕಡತ ಸೇರಿತು. ಅದಿಗರಟ್ಟಿ, ಬಿಕ್ಕಟ್ಟಿ ಈಗ ಪಟ್ಟಣ ಪಂಚಾಯಿತಿಗಳ ಹೆಸರು. ಹುಲಿಕಲ್ಲು ಉಲಿಕ್ಕಲ್ ಆಗಿದೆ, ಹುಲಿ ಹೊರಟುಹೋಗಿದೆ. ಇದರಲ್ಲಿ ಯಾರ ದುರುದ್ದೇಶವೂ ಇಲ್ಲ. ಗುಮಾಸ್ತ ತನಗೆ ಗೊತ್ತಿದ್ದ ಅಕ್ಷರದಲ್ಲಿ ಬರೆದ. ನಾವೂ ಇದನ್ನೇ ಮಾಡುತ್ತೇವೆ. ಕೋತಗಿರಿಯನ್ನು ಕನ್ನಡಿಗರು ಯಾವುದೋ ಗಿರಿ ಎಂದೇ ಓದುತ್ತಾರೆ. ಅಲ್ಲಿರುವುದು ಗಿರಿಯಲ್ಲ, ಕೇರಿ. ಕಮ್ಮಾರಿಕೆ, ಕುಂಬಾರಿಕೆ, ವಾದ್ಯ ಮೂರರಲ್ಲೂ ಪಳಗಿದ ಕೋತ ಜನರ ಕೇರಿ. ಏಳೇ ಊರುಗಳ ಒಂದು ಪುಟ್ಟ ಜನಾಂಗದ ಗುರುತನ್ನು ನಾವು ಸಂಸ್ಕೃತದ ಶಿಖರವಾಗಿ ಮಾಡಿಬಿಟ್ಟಿದ್ದೇವೆ.

ಬಡಗರು ಬರುವ ಮೊದಲೇ ಬೆಟ್ಟದ ಮೇಲೆ ತೋಡರಿದ್ದರು, ಕೋತರಿದ್ದರು, ಕಾಡಿನಂಚಿನಲ್ಲಿ ಕುರುಂಬರಿದ್ದರು ಎಂಬುದನ್ನೂ ಮರೆಯಬಾರದು. ತೋಡರಿಗೆ ಹೆಚ್ಚುಕಡಿಮೆ ಒಂದೊಂದು ದೇವರಿಗೂ ಒಂದೊಂದು ಬೆಟ್ಟವಿದೆ. 1906ರಲ್ಲಿ ಮಾನವಶಾಸ್ತ್ರಜ್ಞ ರಿವರ್ಸ್ ತೋಡರ ಮೇಲಿನ ತಮ್ಮ ದೊಡ್ಡ ಗ್ರಂಥದಲ್ಲಿ ಇದನ್ನು ದಾಖಲಿಸಿದರು. ಊಟಿಯ ಹೆಸರೇ ಮಂದ್ ಎಂಬ ತೋಡರ ವಸತಿಯೊಂದರಿಂದ ಬಂದದ್ದು. ಹಾಲು, ತುಪ್ಪ ತೋಡರದು, ಗುಳ, ಮಡಕೆ ಕೋತರದು, ಜೇನು ಕುರುಂಬರದು, ರಾಗಿ, ಸಾಮೆ ಬಡಗರದು. ಹೀಗೆ ಕೊಟ್ಟು ತಂದು ಬಾಳಿದ ನಾಲ್ಕು ಜನ ಒಂದೇ ಬೆಟ್ಟವನ್ನು ತಮ್ಮತಮ್ಮ ಮಾತಿನಲ್ಲಿ ಕರೆದರು, ಒಬ್ಬರು ಇನ್ನೊಬ್ಬರ ಹೆಸರನ್ನು ಅಳಿಸಲಿಲ್ಲ.

ಈ ಕಾರಣಕ್ಕೇ ದೊಡ್ಡಬೆಟ್ಟ ನಮ್ಮದು ಎಂದು ಕನ್ನಡದ ವೇದಿಕೆಗಳಲ್ಲಿ ಕೇಳಿಬರುವ ಮಾತು ನನಗೆ ಒಪ್ಪಿಗೆಯಿಲ್ಲ. 2011ರ ಜನಗಣತಿಯಲ್ಲಿ ಬಡಗವನ್ನು ತಾಯ್ನುಡಿ ಎಂದು ಬರೆಸಿದವರು ಸುಮಾರು 1,33,000. ಗಣತಿ ಅವರನ್ನೆಲ್ಲ ಕನ್ನಡದ ಗುಂಪಿಗೆ ಸೇರಿಸಿ ಎಣಿಸಿತು. ಅದು ಕನ್ನಡದ ಒಂದು ಕವಲೋ ಬೇರೆಯೇ ಭಾಷೆಯೋ ಎಂದು ವಿದ್ವಾಂಸರು ಚರ್ಚಿಸುತ್ತಲೇ ಇದ್ದಾರೆ. ಬಡಗರನ್ನು ಕೇಳಿದರೆ ಬಹುಪಾಲು ಜನ, ನಮ್ಮದು ಬಡಗು, ಅಷ್ಟೇ ಎನ್ನುತ್ತಾರೆ. ಆ ಉತ್ತರ ಸಾಕು. ಪಕ್ಕದ ಮನೆಯವರ ಮಾತು ನಮಗೆ ಅರ್ಥವಾಗುತ್ತದೆ ಎಂದ ಮಾತ್ರಕ್ಕೆ ಅವರ ಮನೆಯ ಹಕ್ಕುಪತ್ರ ನಮ್ಮ ಹೆಸರಿಗೆ ಬರುವುದಿಲ್ಲ. ಅರ್ಥವಾಗುವುದು ನಮಗೊಂದು ಅನುಕೂಲ. ಅದರಿಂದ ಬರುವುದು ಹೊಣೆ.

ಆ ಹೊಣೆ ಏನು ಎಂದು ಹೇಳಿ ಮುಗಿಸುತ್ತೇನೆ. ದೊಡ್ಡಬೆಟ್ಟ, ಕೋಲಾರಿಬೆಟ್ಟ, ತಾಮ್ರಬೆಟ್ಟ ಎಲ್ಲ ನಕ್ಷೆಗಳಲ್ಲಿ ಇವೆ, ಅವಕ್ಕೆ ಭಯವಿಲ್ಲ. ಭಯವಿರುವುದು ಒಂದೊಂದು ಹಟ್ಟಿಯ ಸುತ್ತ ಇರುವ ಸಣ್ಣ ಹೆಸರುಗಳಿಗೆ: ಒಂದು ಹಳ್ಳ, ಒಂದು ದಿಣ್ಣೆ, ಎಮ್ಮೆ ಬಿಡುತ್ತಿದ್ದ ಒಂದು ಹುಲ್ಲುಗಾವಲು. ಹುಲ್ಲುಗಾವಲು ಚಹಾ ತೋಟವಾದಾಗ, ಕುಂದಾದ ಕಣಿವೆಗಳಿಗೆ 1950ರ ದಶಕದಿಂದ ವಿದ್ಯುತ್ ಯೋಜನೆಯ ಅಣೆಕಟ್ಟುಗಳು ಬಂದಾಗ ಇಂಥ ಎಷ್ಟೋ ಹೆಸರುಗಳಿಗೆ ನಿಲ್ಲಲು ಜಾಗವೇ ಇಲ್ಲವಾಯಿತು. ಆರ್. ಕೆ. ಹಾಲ್ದೊರೈ ಅವರಂಥ ಬಡಗ ವಿದ್ವಾಂಸರು ತಮ್ಮ ಭಾಷೆಯ ಬಗ್ಗೆ ತಮಿಳಿನಲ್ಲಿ ಬಹಳಷ್ಟು ಬರೆದಿದ್ದಾರೆ. ಹಾಕಿಂಗ್ಸ್ ಮತ್ತು ಪಿಲೊ ರೆಶೂರ್ ಎಂಬ ವಿದ್ವಾಂಸರು 1992ರಲ್ಲಿ ಬಡಗದ ದೊಡ್ಡ ನಿಘಂಟು ಕೊಟ್ಟರು. ಕನ್ನಡದಲ್ಲಿ ಈ ಹೆಸರುಗಳನ್ನು ಹಟ್ಟಿಹಟ್ಟಿಗೆ ಹೋಗಿ ಕಲೆಹಾಕುವ ಕೆಲಸ ಆಗಬೇಕು, ಬಡಗರ ಹಿರಿಯರು ಮುಂದಿದ್ದು, ನಾವು ಬರೆದುಕೊಳ್ಳುವವರಾಗಿ. ಅದರಲ್ಲೊಂದು ತೊಡಕಿದೆ. 1939ರಲ್ಲಿ ಭಾಷಾವಿಜ್ಞಾನಿ ಎಮಿನೊ ಬಡಗದ ಸ್ವರಗಳ ಮೇಲೆ ಒಂದು ಲೇಖನ ಬರೆದು, ನಾಲಗೆಯನ್ನು ಅರೆಯಾಗಿ ಮಡಿಸಿ ಹೇಳುವ ಸ್ವರ, ಪೂರ್ತಿ ಮಡಿಸಿ ಹೇಳುವ ಸ್ವರ ಎಂದು ಬೇರೆಬೇರೆ ಇರುವುದನ್ನು ತೋರಿಸಿದರು. ಅದು ಈಗ ಹಿರಿಯರ ಬಾಯಲ್ಲಿ, ಕೆಲವು ಹಟ್ಟಿಗಳಲ್ಲಿ ಮಾತ್ರ ಉಳಿದಿದೆ. ಕನ್ನಡ ಲಿಪಿಯಲ್ಲಿ ಅದಕ್ಕೆ ಗುರುತಿಲ್ಲ. ಹಕಾರವಿಲ್ಲದ ಲಿಪಿಯಲ್ಲಿ ಹುಲಿ ಕಳೆದುಹೋದ ಹಾಗೆ ನಮ್ಮ ಲಿಪಿಯಲ್ಲೂ ಏನೋ ಕಳೆದುಹೋಗುತ್ತದೆ. ಆದ್ದರಿಂದ ಮೊದಲು ಧ್ವನಿಮುದ್ರಣ, ಆಮೇಲೆ ಬರಹ. ಇಲ್ಲಿ ಸಾಫ್ಟ್‌ವೇರ್ ಬಲ್ಲವರು, ನಕ್ಷೆ ಮಾಡಬಲ್ಲವರು ಸಾಲುಸಾಲಾಗಿ ಕೂತಿದ್ದೀರಿ. ಬೆಟ್ಟದ ಮೇಲೆ ಬೆರಳಿಟ್ಟರೆ ಆ ಹಟ್ಟಿಯ ಅಜ್ಜಿಯ ದನಿಯಲ್ಲಿ ಹೆಸರು ಕೇಳಿಸುವಂಥ ಒಂದು ನಕ್ಷೆಗೆ ಏನೇನು ಬೇಕು, ಅದನ್ನು ಯಾರು ವಹಿಸಿಕೊಳ್ಳಬಹುದು ಎಂಬುದನ್ನು ಪ್ರಶ್ನೋತ್ತರದ ಹೊತ್ತಿನಲ್ಲಿ ಮಾತಾಡೋಣ.